ಪಾತ್ರೆ ಮುಟ್ಟದ ಆಯಮ್ಮ

ಆಯಮ್ಮನವರ ಎಡಗಿವಿಯ ಹಾಲೆ ಹರಿದು ಎರಡು ಸೀಳಾಗಿ ನೇತಾಡುತ್ತಿತ್ತು. ಹೆರಿಗೆ ನೋವು ತಾಳಲಾರದ ಹೆಂಗಸೊಬ್ಬಳು ಕೈಗೆ ಸಿಕ್ಕ ಓಲೆಯನ್ನೇ ಹಿಡಿದು ಜಗ್ಗಿದ ಗುರುತು ಅದು. ಯಾರಾದರೂ ಅಯ್ಯೋ ಎಂದರೆ, “ಕಿವಿ ಹೋಯ್ತು, ಮಗು ಬಂತು. ನಿಂಗೇನು ನಷ್ಟ?” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ಪಾಲಿಬೆಟ್ಟದ ಕಡೆಯ ಎಸ್ಟೇಟೊಂದರ ಡಿಸ್ಪೆನ್ಸರಿಯಲ್ಲಿ ಅವರು ಆಯಾ. ನಾನು ಹೈಸ್ಕೂಲು ಮುಗಿಸಿ ಅಲ್ಲಿನ ಚಿಕ್ಕ ಚರ್ಚಿಗೆ ಉಪದೇಶಿಯಾಗಿ ಬಂದವನು. ಪಾದ್ರಿ ಅಯ್ಯನವರು ವಿರಾಜಪೇಟೆಯಿಂದ ತಿಂಗಳಿಗೊಮ್ಮೆ ಬಂದು, ರೊಟ್ಟಿ ದ್ರಾಕ್ಷಾರಸ ಹಂಚಿ ಕರ್ತನ ಭೋಜನ ನಡೆಸಿ ಹೋಗುತ್ತಿದ್ದರು. ಉಳಿದ ಭಾನುವಾರಗಳ ಆರಾಧನೆ ನನ್ನದು. ಸಂಜೆ ಹಾರ್ಮೋನಿಯಂ ಹೊತ್ತುಕೊಂಡು ಕೂಲಿಯವರ ಸಾಲುಮನೆಗಳ ಲೈನಿಗೆ ಹೋಗಿ ಸುವಾರ್ತೆ ಸಾರುವುದೂ ನನ್ನ ಕೆಲಸ. ಜನ ಕೂತು ಕೇಳುತ್ತಿದ್ದರು, ಹಾಡು ಮುಗಿದ ಮೇಲೆ ಎದ್ದು ಹೋಗುತ್ತಿದ್ದರು. ಒಮ್ಮೆ ನಾನು ಕಣ್ಣು ಮುಚ್ಚಿ ರಾಗ ಎಳೆಯುತ್ತಿದ್ದಾಗ ಆಯಮ್ಮ ಒಂದು ಮನೆಯಿಂದ ಹೊರಗೆ ಬಂದು, ಅಳುವ ಕೂಸೊಂದನ್ನು ನನ್ನ ತೊಡೆಯ ಮೇಲಿಟ್ಟರು. “ಈಗ ತಾನೇ ಮಲಗ್ಸಿದ್ದೆ. ನಿನ್ನ ಪೆಟ್ಟಿಗೆ ಕೇಳಿ ಎದ್ದುಬಿಡ್ತು. ನೀನೇ ಮಲಗ್ಸಪ್ಪ, ಉಪದೇಶಿ.” ಲೈನಿಗೆ ಲೈನೇ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಅವರಿಗೆ ಮೂಗಿನ ತುದಿಯಲ್ಲಿ ಕೋಪ. ಹೆಂಡತಿಗೆ ಹೊಡೆಯುವವನನ್ನು, ಕುಡಿಯುವ ನೀರಿನ ಹತ್ತಿರ ಬಟ್ಟೆ ಒಗೆಯುವವಳನ್ನು, ಔಷಧಿಗೆ ನೀರು ಬೆರೆಸುವ ಕಂಪೌಂಡರನನ್ನು ಒಂದೇ ಬಾಯಲ್ಲಿ ಬೈಯುತ್ತಿದ್ದರು. ಕ್ರೈಸ್ತ ಹೆಂಗಸಿನ ಮಾತೇ ಇದು ಎಂದು ಸಭೆಯ ಹಿರಿಯರೊಬ್ಬರು ಗದರಿಸಿದ್ದಕ್ಕೆ, “ನನ್ನ ಬಾಯಿ ಹೀಗೇ ಅಂತ ಯೇಸುಸ್ವಾಮಿಗೆ ಮೊದ್ಲಿಂದ್ಲೂ ಗೊತ್ತು. ನಿಮಗೆ ಈಗ ಗೊತ್ತಾಯ್ತು” ಅಂದಿದ್ದರು. ಆ ಹಿರಿಯರೇ ಎಸ್ಟೇಟಿನ ಲೆಕ್ಕಪತ್ರ ನೋಡುವ ಹೆಡ್ ರೈಟರ್. ನನಗೆ ಉಳಿಯಲು ಕೋಣೆ ಕೊಟ್ಟವರು ಅವರೇ, ನನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದೂ ಬಿಡುವುದೂ ಅವರ ಕೈಯಲ್ಲೇ ಇತ್ತು.

ಹಾಸನದ ಕಡೆಯಿಂದ ವರ್ಷವರ್ಷ ಕಾಫಿ ಹಣ್ಣಿನ ಪಿಕಿಂಗಿಗೆ ಬರುತ್ತಿದ್ದ ಗಂಡ ಹೆಂಡತಿಯ ಮಗುವಿಗೆ ವಾಂತಿಭೇದಿ ಹಿಡಿಯಿತು. ಆಯಮ್ಮ ಅವರ ಮನೆಯಲ್ಲೇ ಬೀಡುಬಿಟ್ಟರು. ಕೊಳೆ ಬಳಿದರು, ಬಟ್ಟೆ ಕುದಿಸಿದರು, ಮಗುವಿನ ತಾಯಿಯನ್ನು ಹೊತ್ತುಹೊತ್ತಿಗೂ ಬೈದರು. ಮಗು ಚೇತರಿಸಿಕೊಂಡ ಮೇಲೆ ಆ ಹೆಂಗಸು ಕೇಳಿದಳಂತೆ: “ಇಷ್ಟ್ ಬೈತೀರಿ, ಆದ್ರೂ ನಮ್ ಮಗೀನ ಹೇಲು ಬಳೀತೀರಿ. ಯಾವ್ ದ್ಯಾವ್ರವ್ವ ನಿಮ್ದು?” ಭಾನುವಾರ ಬಂದು ನೋಡು ಎಂದರಂತೆ ಆಯಮ್ಮ. ಅವರು ಮಾಡಿದ ಸುವಾರ್ತಾ ಪ್ರಸಂಗ ಅಷ್ಟೇ.

ಭಾನುವಾರ ಗಂಡ ಹೆಂಡತಿ ಬಂದರು. ಒಗೆದ ಬಟ್ಟೆ, ಮಗುವಿನ ತಲೆಗೆ ತಟ್ಟಿದ ಎಣ್ಣೆ. ಆ ಬೆಳಿಗ್ಗೆ ಆಯಮ್ಮ ಒಂದು ಹೆರಿಗೆಯಲ್ಲಿ ಸಿಕ್ಕಿಕೊಂಡಿದ್ದರು. ನಮ್ಮ ಚರ್ಚಿನಲ್ಲಿ ಬೆಂಚುಗಳು ರೈಟರು, ಗುಮಾಸ್ತರು, ಮೇಷ್ಟರ ಮನೆಯವರಿಗೆ. ಲೈನಿನವರಿಗೆ ಹಿಂದೆ ಚಾಪೆ. ಕರ್ತನ ಭೋಜನದಲ್ಲಿ ದ್ರಾಕ್ಷಾರಸದ ಪಾತ್ರೆಯೂ ಮೊದಲು ಬೆಂಚಿಗೆ, ಕೊನೆಗೆ ಚಾಪೆಗೆ. ಹಾಗೆಂದು ಯಾರೂ ಎಲ್ಲೂ ಹೇಳಿರಲಿಲ್ಲ, ಹಾಗೇ ನಡೆಯುತ್ತಿತ್ತು. ಇದೊಂದೂ ತಿಳಿಯದ ಆ ಇಬ್ಬರು ಮುಂದಿನ ಬೆಂಚಿನಲ್ಲಿ, ಹೆಡ್ ರೈಟರ ಹೆಂಡತಿಯ ಪಕ್ಕದಲ್ಲೇ ಕೂತರು. ಆಕೆ ಸೆರಗು ಎಳೆದುಕೊಂಡರು. ಹೆಡ್ ರೈಟರು ನನ್ನತ್ತ ನೋಡಿ ಗದ್ದ ಎತ್ತಿ ಚಾಪೆ ತೋರಿಸಿದರು.

ನಾನು ಕೀರ್ತನೆ ಪುಸ್ತಕ ಮುಚ್ಚಿ ಇಳಿದು ಹೋದೆ. ನಗುತ್ತಾ ಹೋದೆ. “ಹಿಂದೆ ಕೂತ್ಕೊಳ್ಳಿ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ” ಎಂದೆ. ಹೊರಗೆ ಮಂಜು ಸುರಿಯುತ್ತಿತ್ತು, ಕೂತವರೆಲ್ಲ ಕಂಬಳಿ ಹೊದ್ದಿದ್ದರು.

ಗಂಡ ನನ್ನ ಮುಖವನ್ನೇ ನೋಡಿದ. “ಗಾಳಿ ನಮ್ಗೆ ತೋಟದಾಗೇ ಸಿಗ್ತದೆ ಸ್ವಾಮಿ” ಎಂದು ಮಗುವನ್ನು ಎತ್ತಿಕೊಂಡು ಹೊರಟುಹೋದ. ಹೆಂಡತಿ ಹಿಂದೆಯೇ ಹೋದಳು. ಆ ದಿನದ ನನ್ನ ಪ್ರಸಂಗ ಪ್ರೀತಿಯ ಬಗ್ಗೆ. ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಸಂಜೆ ಆಯಮ್ಮ ನನ್ನ ಕೋಣೆಗೆ ಬಂದರು. ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ. ಅವರು ಬೈಯಲಿಲ್ಲ.

“ಅವರ ಮನೆ ಬಾಗಿಲಿಗೆ ಹೋಗಿ ತಪ್ಪಾಯ್ತು ಅನ್ನು.”

ಹಿರಿಯರು ಹೇಳಿದ್ದಕ್ಕೆ ಮಾಡಿದೆ ಎಂದೆ.

“ಅವರು ಗದ್ದ ಎತ್ತಿದ್ರು. ನಡೆದ ಕಾಲು ನಿಂದು.”

ಹೋಗುತ್ತೇನೆ ಎಂದೆ. ಹೋಗಲಿಲ್ಲ.

ಅಯ್ಯನವರು ಬಂದ ಭಾನುವಾರ ಪಾತ್ರೆ ತಮ್ಮ ಮುಂದೆ ಬಂದಾಗ ಆಯಮ್ಮ ಕೈ ಮುಂದೆ ಚಾಚಲಿಲ್ಲ. ಸಭೆಗೆಲ್ಲ ಕೇಳುವಂತೆ ಹೇಳಿದರು: “ಉಪದೇಶಿ ಲೈನಿಗೆ ಹೋಗಿ ಬರ್ಲಿ ಅಯ್ಯನೋರೆ. ಆಮೇಲೆ ಕುಡೀತೀನಿ.”

ಮಧ್ಯಾಹ್ನವೇ ಹಿರಿಯರ ಸಭೆ ಕೂಡಿತು. ಅಯ್ಯನವರು ನೇರವಾಗಿ ನನ್ನನ್ನೇ ಕೇಳಿದರು, ಆ ಗಂಡ ಹೆಂಡತಿಯನ್ನು ಬೆಂಚಿನಿಂದ ಎಬ್ಬಿಸಿದೆಯಾ ಎಂದು. ಹೌದು ಎನ್ನುವ ಒಂದು ಮಾತು ಸಾಕಿತ್ತು. ಹೆಡ್ ರೈಟರು ಉಗುರು ನೋಡಿಕೊಳ್ಳುತ್ತಾ ಕೂತಿದ್ದರು. ನಾನು ಯಾರನ್ನೂ ಎಬ್ಬಿಸಲಿಲ್ಲ, ಮಗುವಿಗೆ ಗಾಳಿ ಆಡಲಿ ಅಂದೆ ಅಷ್ಟೇ ಎಂದೆ. ಆಯಮ್ಮ ನನ್ನನ್ನು ನೋಡಿದರು. ಕರ್ತನ ಮೇಜನ್ನು ಅವಮಾನಿಸಿದ್ದಕ್ಕೆ ಕ್ಷಮೆ ಕೇಳುವ ತನಕ ಅವರಿಗೆ ಪಾತ್ರೆ ಇಲ್ಲ ಎಂದು ತೀರ್ಮಾನವಾಯಿತು. ಅವಮಾನಿಸಿದವರು ಅವರಂತೆ. ಆ ಹೆಡ್ ರೈಟರ ಹೆಸರಿನ ಕಲ್ಲು ಚರ್ಚಿನ ಗೋಡೆಯಲ್ಲಿ ಇಂದಿಗೂ ಇದೆ, ದೇವಭಕ್ತರು ಎಂದು ಅದರ ಮೇಲೆ ಕೆತ್ತಿದೆ. ಅದನ್ನು ಕೆತ್ತಿಸಲು ಓಡಾಡಿದವನೂ ನಾನೇ.

ಆಮೇಲೂ ಆಯಮ್ಮ ಚರ್ಚು ತಪ್ಪಿಸಲಿಲ್ಲ. ಡಿಸ್ಪೆನ್ಸರಿಯವರಾದ ಅವರಿಗೆ ಬೆಂಚು ಇತ್ತು, ಚಾಪೆಗೆ ಹೋಗಿ ಕೂತರು. ಪಾತ್ರೆ ಅವರನ್ನು ದಾಟಿಕೊಂಡು ಹೋಗುತ್ತಿತ್ತು. ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: “ಹೋಗಿದ್ಯಾ?” ನಾಳೆ ಎನ್ನುತ್ತಿದ್ದೆ. ಬರಬರುತ್ತಾ ಅವರು ಬರುವ ದಾರಿಯನ್ನೇ ಬಿಟ್ಟು ಓಡಾಡತೊಡಗಿದೆ.

ಕೊಡಗನ್ನು ಮೈಸೂರಿಗೆ ಸೇರಿಸುವ ಮಾತು ಎಲ್ಲರ ಬಾಯಲ್ಲಿದ್ದ ವರ್ಷ ಅವರ ಎದೆಯಲ್ಲಿ ಕಫ ಕಟ್ಟಿತು. ಇನ್ನು ಉಳಿಯುವುದಿಲ್ಲ ಎಂದಾಗ ಅಯ್ಯನವರು ಕರಗಿ, ಕ್ಷಮೆಯ ಮಾತು ಎತ್ತದೆ ಪಾತ್ರೆ ತಂದರು. ನಾನು ರೊಟ್ಟಿಯ ತಟ್ಟೆ ಹಿಡಿದು ಹಿಂದೆ ನಿಂತಿದ್ದೆ. ಬಾಗಿಲ ತುಂಬ ಲೈನಿನ ಹೆಂಗಸರು. ಆಯಮ್ಮ ಅಯ್ಯನವರನ್ನು ಬಿಟ್ಟು ನನ್ನತ್ತ ನೋಡಿದರು.

“ಹೋಗಿದ್ಯಾ?”

“ಹೋಗಿದ್ದೆ ಆಯಮ್ಮ.”

“ಏನಂದ್ರು?”

“ಆಯ್ತು ಬಿಡಿ ಸ್ವಾಮಿ ಅಂದ್ರು.”

ಅವರ ಮುಖದ ಬಿಗಿ ಸಡಿಲಿತು. ಅಷ್ಟು ವರ್ಷಗಳಲ್ಲಿ ಆ ಮುಖವನ್ನು ನಾನು ಹಾಗೆ ಕಂಡಿರಲಿಲ್ಲ. ಅಯ್ಯನವರು ಅವರ ತಲೆಯನ್ನು ಎತ್ತಿ ಹಿಡಿದರು. ಆಯಮ್ಮ ಕುಡಿದರು, ನನ್ನ ಸುಳ್ಳನ್ನು ನಂಬಿ.

ಮಣ್ಣು ಮಾಡಿದ ಮರುದಿನ ಲೈನಿಗೆ ಹೋದೆ. ಆ ಮನೆಯಲ್ಲಿ ಬೇರೆ ಯಾರೋ ಒಲೆ ಉರಿಸುತ್ತಿದ್ದರು. ಹಾಸನದ ಕಡೆಯವರು ಇದ್ದರಲ್ಲ, ಎಲ್ಲಿ ಹೋದರು ಎಂದೆ. ಆ ಕಡೆಯವರು ಬಹಳ ಜನ ಬಂದು ಹೋದರು, ಅವರ ಹೆಸರೇನು ಸ್ವಾಮಿ ಎಂದು ಒಲೆಯ ಮುಂದಿದ್ದ ಹೆಂಗಸು ಕೇಳಿದಳು.

ನಾನು ಅವರ ಹೆಸರು ಕೇಳಿಯೇ ಇರಲಿಲ್ಲ.