ಹಿಂದಿನ ಚಕ್ರ ಬಿಚ್ಚಿದ್ದ ಸೋಮವಾರ

ಮೊನ್ನೆ ಪಾಂಡವಪುರದಿಂದ ಬರುವಾಗ ಕಾರಿನ ಹಿಂಭಾಗದಿಂದ ಕಮರು ವಾಸನೆ ಬಂತು. ಬ್ರೇಕು ಒತ್ತಿದಾಗಲೆಲ್ಲ ಕರಕರ ಸದ್ದು ಬೇರೆ. ನಾಗಮಂಗಲ ತಲುಪಿ, ಮನೆ ಮುಂದೆಯೇ ಜಾಕಿ ಕೊಟ್ಟು ಚಕ್ರ ಬಿಚ್ಚಿ ಬ್ರೇಕಿನ ಡ್ರಮ್ಮನ್ನು ಎಳೆದೆ. ಒಳಗಿಂದ ಕಪ್ಪು ಪುಡಿ ಉದುರಿ ಘಾಟು ಮೂಗಿಗೆ ಹತ್ತಿತು. ಅಷ್ಟೇ ನೋಡಿ... ಎದುರುಮನೆ ಮಾವ ನೆನಪಾದರು.

ಸಂಬಂಧದಲ್ಲಿ ಮಾವನೇನೂ ಅಲ್ಲ. ಈ ಬೀದಿಗೆ ಬಂದಾಗಿನಿಂದ ಹಾಗೆ ಕರೆದು ರೂಢಿ, ಅವರ ಹೆಂಡತಿ ನಮಗೆ ಅತ್ತೆ. ಹಳ್ಳಿಯಲ್ಲಿ ಹೊಲ ಗದ್ದೆ ಇದ್ದ ಮನೆತನ. ಎತ್ತು ಮಾರಿ ಟ್ರಾಕ್ಟರು ತಂದರು, ಕಾಲಿನ ಮಂಡಿ ಕೈಕೊಟ್ಟ ಮೇಲೆ ಟ್ರಾಕ್ಟರನ್ನೂ ಮಾರಿ ಒಂದು ಹಳೆಯ ಬಿಳಿ ಕಾರು ಕೊಂಡರು. ಸೋಮವಾರ ಬಸವಣ್ಣನ ದಿನ, ಅವತ್ತು ಎತ್ತಿನ ಹೆಗಲಿಗೆ ನೊಗ ಇಡಬಾರದು ಎನ್ನುವುದು ನಮ್ಮ ಕಡೆ ಎಲ್ಲರೂ ಬಲ್ಲ ಕಟ್ಟಳೆ. ಮಾವ ಆ ರಜವನ್ನು ಟ್ರಾಕ್ಟರಿಗೂ ಕೊಟ್ಟರು, ಕಾರಿಗೂ ಕೊಟ್ಟರು. "ಕಬ್ಬಿಣಕ್ಕೂ ಸುಸ್ತಾಗುತ್ತಾ ಮಾವ?" ಎಂದು ರೇಗಿಸಿದರೆ, "ದುಡಿಯೋದು ಯಾವ್ದಾದ್ರೇನ್ಲಾ? ಒಂದಿನ ರಜ ಬ್ಯಾಡ್ವಾ ಅದ್ಕೆ?" ಅನ್ನುತ್ತಿದ್ದರು.

ಆಮೇಲೆ ಅತ್ತೆಯ ಕಿಡ್ನಿ ಎರಡೂ ಕೆಟ್ಟವು. ವಾರಕ್ಕೆರಡು ಸಲ ಮಂಡ್ಯದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಅಲ್ಲಿ ಖಾಲಿ ಇದ್ದದ್ದು ಸೋಮವಾರ ಮತ್ತು ಗುರುವಾರ ಮಾತ್ರ. ಹುಟ್ಟಿದಾಗಿನಿಂದ ಮುರಿಯದ ಕಟ್ಟಳೆಯನ್ನು ಮಾವ ಮುರಿದರು. ಸೋಮವಾರ ಬೆಳಗ್ಗೆ ಕಾರಿನ ಬಾನೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡು, "ತಪ್ಪಾಯ್ತು ಕಣಪ್ಪಾ ಬಸ್ವ" ಅಂದು, ಆಮೇಲೆ ಕೀಲಿ ತಿರುಗಿಸುತ್ತಿದ್ದರು.

ಅದು ಹುರುಳಿ ಒಕ್ಕಣೆಯ ಕಾಲ. ರಸ್ತೆ ತುಂಬ ಹುರುಳಿ ಬಳ್ಳಿ ಹರಡಿ, ಹೋಗಿಬರುವ ಗಾಡಿಗಳ ಕೈಲಿ ಪುಕ್ಕಟೆ ಒಕ್ಕಣೆ ಮಾಡಿಸಿಕೊಳ್ಳುವ ಜನ ನಾವು. ಹಾಗಾಗಿ ಮಾವನ ಕಾರಿನ ಹಿಂದಿನ ಚಕ್ರ ಸದ್ದು ಮಾಡತೊಡಗಿದಾಗ ಬಳ್ಳಿ ಸುತ್ತಿಕೊಂಡಿದೆ ಎಂದುಕೊಂಡರು. ನಾನೂ ಹೂಂಗುಟ್ಟಿದೆ. ಸಂಜೆ ಸಂಜೆ ಕುಡುಗೋಲು ಹಿಡಿದು ನೆಲಕ್ಕೆ ಒರಗಿ ಬಳ್ಳಿ ಕೀಳುತ್ತಿದ್ದರು. ಬಳ್ಳಿ ಬರುತ್ತಿತ್ತು, ಸದ್ದು ಮಾತ್ರ ಹೋಗಲೊಲ್ಲದು. ಒಂದು ಗುರುವಾರ ಮಂಡ್ಯದಿಂದ ಬರುವಾಗ ಎಮ್ಮೆಯೊಂದು ಅಡ್ಡ ಬಂತಂತೆ. ಕಾರು ನಿಲ್ಲದೆ ಚರಂಡಿಯ ಅಂಚಿನವರೆಗೂ ಹೋಯಿತಂತೆ. ಹ್ಯಾಂಡ್ ಬ್ರೇಕನ್ನು ಪೂರ್ತಿ ಎಳೆದರೂ ಹಿಡಿಯಲಿಲ್ಲ. ಸವೆದಿರುವುದು ಬ್ರೇಕು ಎಂದು ಮಾವನಿಗೆ ಆಗ ಗೊತ್ತಾಯಿತು.

ಗ್ಯಾರೇಜಿನವನು, "ಬಿಟ್ಟು ಹೋಗಿ, ಮಂಗಳವಾರ ನೋಡೋಣ" ಎಂದ. ಮಂಗಳವಾರವಂತೆ! ಸೋಮವಾರ ತಪ್ಪಿದರೆ ಅತ್ತೆಯ ಮೈ ಊದಿ ಉಸಿರು ಸಿಕ್ಕಿಕೊಳ್ಳುತ್ತದೆ ಎಂದು ಅವನಿಗೇನು ಗೊತ್ತು? ಬಾಡಿಗೆ ಕಾರಿನಲ್ಲಿ ಹೋಗೋಣವೆಂದರೆ ಕೂತು ಪ್ರಯಾಣ ಮಾಡುವ ಶಕ್ತಿ ಅತ್ತೆಗೆ ಇರಲಿಲ್ಲ. ಮಾವ ತಮ್ಮ ಕಾರಿನ ಹಿಂದಿನ ಸೀಟನ್ನೇ ಹಾಸಿಗೆ ಮಾಡಿಟ್ಟಿದ್ದರು. ಹಾಗಾಗಿ ಮನೆಯಲ್ಲೇ ಬಿಚ್ಚುವುದೆಂದಾಯಿತು.

ಭಾನುವಾರ ಮಧ್ಯಾಹ್ನ ಹೊಸ ಬ್ರೇಕಿನ ಸಾಮಾನು ಕೈಗೆ ಬಂತು. "ಬಾರ್ಲಾ, ಚಕ್ರಕ್ಕೆ ಕಲ್ ಕೊಡು" ಎಂದು ನನ್ನನ್ನು ಕರೆದರು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಹಿಂಭಾಗ ಎತ್ತಿದೆವು. ನಾನು ಅವಸರಕ್ಕೆ ಎರಡೂ ಕಡೆ ಬಿಚ್ಚಲು ಹೋದರೆ ಗದರಿದರು. "ಲೇ, ಎಲ್ಡೂ ಬಿಚ್ಬುಟ್ರೆ ಯಾವ್ದ ನೋಡ್ಕಂಡು ಜೋಡುಸ್ತೀಯಾ? ಅದೊಂದು ಅಂಗೇ ಇರ್ಲಿ." ಡ್ರಮ್ಮು ಕಚ್ಚಿಕೊಂಡಿತ್ತು. ಸುತ್ತಲೂ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಸಡಿಲಿಸಿದರು. ಒಳಗೆ ಕುಡುಗೋಲಿನ ಹಾಗೆ ಬಾಗಿದ ಎರಡು ಬ್ರೇಕ್ ಶೂ. ಅವುಗಳ ಮೇಲಿನ ಲೈನಿಂಗಿನ ಪದರ ಪೂರ್ತಿ ಸವೆದು, ಕಬ್ಬಿಣ ಕಬ್ಬಿಣಕ್ಕೇ ಉಜ್ಜುತ್ತಿತ್ತು.

ಜಗುಲಿಯಲ್ಲಿ ಒರಗಿದ್ದ ಅತ್ತೆ ಹೊಸ ಶೂಗಳನ್ನು ನೋಡಿ ನನಗೆ ಹೇಳಿದರು. "ನೋಡ್ದಾ ಮಗಾ, ಗಾಡಿಗಾದ್ರೆ ಜೊತೆ ಜೊತೆ ತಂದವ್ರೆ ನಿಮ್ಮಾವ. ನಂಗೊಂದು ಕಿಡ್ನಿ ತರಕ್ಕಾಗ್ನಿಲ್ಲ."

"ಅಂಗ್ಡೀಲಿ ಸಿಕ್ಕಿದ್ರೆ ತತ್ತಿರ್ನಿಲ್ವಾ? ಸುಮ್ಕಿರು" ಎಂದರು ಮಾವ, ತಲೆಯೆತ್ತದೆ. ಮೂವರೂ ನಕ್ಕೆವು.

ಎಡಗಡೆ ಮುಗಿಯುವಷ್ಟರಲ್ಲಿ ಕತ್ತಲಾಗಿ ಬಲಗಡೆ ಬೆಳಗ್ಗೆಗೆ ಉಳಿಯಿತು. ಸೋಮವಾರ ಬೆಳಕು ಹರಿಯುತ್ತಲೇ ಮಾವ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಎಷ್ಟು ಎಳೆದರೂ ಶೂಗಳನ್ನು ಹಿಡಿದಿಡುವ ಸ್ಪ್ರಿಂಗು ಕೊಕ್ಕೆಗೆ ಬೀಳದು. ಹೆಬ್ಬೆರಳು ಸಿಗಿದು ರಕ್ತ ಬಂತು. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಬಂದು ಮೆಟ್ಟಿಲ ಮೇಲೆ ಕೂತರು.

"ಇವತ್ತು ಸ್ವಾಮಾರ. ಬಸ್ವ ತಾನಾಗೇ ಮಲ್ಗವ್ನೆ, ಎಬ್ಬುಸ್ಬ್ಯಾಡಿ. ನನ್ನೂ ಇವತ್ತೊಂದಿನ ಬುಟ್ಬುಡಿ... ಆ ಸೂಜಿ ನೆನುಸ್ಕಂಡ್ರೇ ಜೀವ ವೋಯ್ತದೆ."

ಈ ಸಲ ಯಾರೂ ನಗಲಿಲ್ಲ. ಮಾವ ಹಲ್ಲು ಕಚ್ಚಿ ಸ್ಪ್ರಿಂಗು ಎಳೆದರು, ಟಕ್ಕೆಂದು ಕೂತಿತು. ಡ್ರಮ್ಮು ಮುಚ್ಚಿ, ಚಕ್ರ ಕೂರಿಸಿ, ಬೀದಿಯಲ್ಲಿ ಒಂದು ಸುತ್ತು ಹೋಗಿಬಂದರು. ಅಬ್ಬಾ, ಬ್ರೇಕು ಅಂದರೆ ಬ್ರೇಕು! ಕಾಲು ತಾಗಿದರೆ ಸಾಕು ನಿಲ್ಲುತ್ತಿತ್ತು. ಅತ್ತೆಯನ್ನು ಎತ್ತಿ ತಂದು ಹಿಂದೆ ಮಲಗಿಸಿ, "ಎಂಗದೆ ನೋಡ್ಲಾ ಈಗ!" ಎಂದು ನನಗೆ ಕೈಬೀಸಿ ಹೊರಟರು. ಮುಖದಲ್ಲಿ ಗೆದ್ದ ಕಳೆ ಇತ್ತು. ಅತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದರು.

ಅದಾದ ಮೇಲೆ ಒಂದು ಸೋಮವಾರವೂ ತಪ್ಪಲಿಲ್ಲ. ಯುಗಾದಿ ಕಳೆದ ಮೇಲೆ ಅತ್ತೆ ಹೋದರು, ಆಸ್ಪತ್ರೆಯ ಅದೇ ಹಾಸಿಗೆಯಲ್ಲಿ, ಕೈಗೆ ಸೂಜಿ ಚುಚ್ಚಿದ್ದ ಹಾಗೆಯೇ...

ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಹೋಗಿ ನೋಡಿದರೆ, ಮಾವ ಕಾರಿನ ಪಕ್ಕ ಬರೀ ನೆಲದಲ್ಲಿ ಕೂತಿದ್ದರು. ನಾನೂ ಕೂತೆ. ಹಿಂದಿನ ಚಕ್ರದ ಮೇಲೆ ಕೈಯಿಟ್ಟು ಹೇಳಿದರು.

"ಎತ್ತಿಗೆ ಕೊಟ್ಟೆ ಕಣ್ಲಾ, ಟ್ರಾಕ್ಟರಿಗೂ ಕೊಟ್ಟೆ. ಅವ್ಳು ಬಾಯ್ಬುಟ್ಟು ಕೇಳುದ್ಲು. ಅವ್ಳಿಗೊಂದು ಸ್ವಾಮಾರ ಕೊಡ್ನಿಲ್ವಲ್ಲಾ ನಾನು."

ಅವತ್ತು ಹೋಗದಿದ್ದರೆ ಸಂಜೆಯೊಳಗೆ ಉಸಿರು ಕಟ್ಟುತ್ತಿತ್ತು ಮಾವ ಎಂದೆ. ಸುಳ್ಳೇನೂ ಅಲ್ಲ. "ಅದು ನಂಗೊತ್ತಿಲ್ವೇನ್ಲಾ" ಎಂದರು.

ಮುಂದಿನ ವರ್ಷದೊಳಗೆ ಮಾವನೂ ಹೋದರು. ಮನೆ ಬೇರೆಯವರದಾಯಿತು. ಕೆ.ಆರ್. ಪೇಟೆ ಕಡೆಯವರು ಯಾರೋ ಕಾರು ಕೊಂಡರು, ಬ್ರೇಕು ಬಹಳ ಚೆನ್ನಾಗಿದೆ ಎಂದು ಹೊಗಳುತ್ತಲೇ ಓಡಿಸಿಕೊಂಡು ಹೋದರು.

ಈಗ ನನ್ನ ಕಾರಿಗೂ ಹೊಸ ಶೂ ಹಾಕಿಯಾಗಿದೆ. ಒಂದು ಸುತ್ತು ಹೋಗಿಬಂದೆ, ಸದ್ದಿಲ್ಲ. ಆ ಬೆಳಗ್ಗೆ ಮಾವ ಏನು ಮಾಡಿದ್ದರೆ ಸರಿಯಾಗುತ್ತಿತ್ತು ಎಂದು ಇಷ್ಟು ವರ್ಷ ಯೋಚಿಸಿದ್ದೇನೆ. ಕರೆದುಕೊಂಡು ಹೋದರೆ ಸೂಜಿ, ಬಿಟ್ಟರೆ ಸಾವು. ಅವರಿಗೆ ಹೇಳಬಹುದಾಗಿದ್ದ ಒಂದು ಸಮಾಧಾನದ ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ. ಸಿಕ್ಕಿದರೂ ಕೇಳಿಸಿಕೊಳ್ಳಲು ಮಾವ ಇಲ್ಲ.