ಸೈಕಲ್ ಪತ್ರಿಕೆಯ ಆಚೆ ಪುಟ

ಸಿಸಿಲಿಯಕ್ಕ, ಆ ಪತ್ರಿಕೆ ಎಂದೂ ಮಾತು ಬದಲಿಸಲಿಲ್ಲ. ಬದಲಿಸಿದವಳು ನಾನು.

ಹೋದ ಆದಿತ್ಯವಾರ ಕಾರ್ಕಳದ ನಿನ್ನ ಮನೆಯಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರ ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಚಹಾ ಆರುತ್ತದೆ ಎಂದು ನೆಪ ಮಾಡಿ ಲೋಟ ಎತ್ತಿಕೊಂಡೆ. ನಿನ್ನ ಮಗಳಿಗೆ ಸೈಕಲ್ ಬೇಕು, ನಿನ್ನ ಅತ್ತೆಗೆ ಬೇಡ, ನಿನಗೂ ಒಳಗೊಳಗೇ ಹೆದರಿಕೆ. ನೀನು ಕೇಳಿದೆ: "ಐರಿನ್, ಬೊಂಬಾಯಿ ಮಾಮ ಕಳಿಸುವ ಸೈಕಲ್ ಪತ್ರಿಕೆ ಈಗಲೂ ಬರ್ತದಾ? ಅದನ್ನು ಇನ್ನೂ ನಂಬಿ ಓದಬಹುದಾ ಮಾರಾಯ್ತಿ? ಮೊದಲು ಹೆಂಗಸರಿಗೆ ಆಗುವುದಿಲ್ಲ ಅಂತ ಬರೆದರು. ಮತ್ತೆ ಐದು ವರ್ಷ ಬಿಟ್ಟು ಎಂತ ತೊಂದರೆಯೂ ಇಲ್ಲ ಅಂತ ಬರೆದರು. ಅವರದ್ದು ಎಂಥ ಮಾತು ಅದು?"

ಎದುರು ಕುಳಿತು ಹೇಳಲು ಆಗಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಮನೆಮಾತು ಕೊಂಕಣಿ. ಬರೆಯಲು ಕಲಿತದ್ದು ಕನ್ನಡ. ತಪ್ಪು ಒಪ್ಪಿಕೊಳ್ಳಲು ಶಾಲೆಯ ಭಾಷೆಯೇ ಸುಲಭ ಎಂದು ಈಗ ತಿಳಿಯುತ್ತಿದೆ. ನಿನಗೆ ಗೊತ್ತಿರುವುದನ್ನೂ ಮೊದಲಿಂದ ಹೇಳಬೇಕಾಗುತ್ತದೆ — ಗೊತ್ತಿಲ್ಲದ ಒಂದು ತುಂಡು ಅದರ ನಡುವೆ ಇರುವುದರಿಂದ.

ಅಮ್ಮ ಮೂರನೆಯ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಶಂಕರಪುರದ ಮನೆಯ ಮಲ್ಲಿಗೆ ನಮ್ಮಿಬ್ಬರ ಪಾಲಿಗೆ ಬಂತು. ಮೊಗ್ಗು ಬಿರಿಯುವ ಮೊದಲೇ ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೂವಿನವನು ಬರುವುದರೊಳಗೆ ಚೆಂಡುಗಳನ್ನು ಸೇರಿಸಿದ ಅಟ್ಟೆ ಸಿದ್ಧವಿರಬೇಕು. ನಿನ್ನ ಬೆರಳು ಓಡುತ್ತಿತ್ತು. ನನ್ನದು ಓಡುತ್ತಿರಲಿಲ್ಲ, ಓಡಿಸಲು ಮನಸ್ಸೂ ಇರಲಿಲ್ಲ. ನಾನು ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಯುವ ಹುಡುಗಿ. ಒಂದು ಮೊಳ ಕಟ್ಟಿ, ಹೊತ್ತಾಯಿತು ಎಂದು ಚೀಲ ಹೆಗಲಿಗೇರಿಸುತ್ತಿದ್ದೆ. ಉಳಿದದ್ದನ್ನು ನೀನು ಕಟ್ಟುತ್ತಿದ್ದೆ.

ಬೊಂಬಾಯಿ ಮಾಮ, ಅಮ್ಮನ ತಮ್ಮ, ಅಲ್ಲಿನ ಒಂದು ಸೈಕಲ್ ಅಂಗಡಿಯಲ್ಲಿದ್ದರು. ಅಂಗಡಿಗೆ ಬಂದು ಹಳತಾದ ಇಂಗ್ಲಿಷ್ ಪತ್ರಿಕೆಗಳನ್ನು ಕಟ್ಟು ಕಟ್ಟಿ ನಮಗೆ ಕಳಿಸುತ್ತಿದ್ದರು. ನೀನು ಕಲಿತದ್ದೆಲ್ಲ ಕನ್ನಡದಲ್ಲಿ, ಪಪ್ಪನಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ನೀನು ಚಿತ್ರ ನೋಡುತ್ತಿದ್ದೆ, ನಾನು ಓದಿ ಹೇಳುತ್ತಿದ್ದೆ. ಹತ್ತುವಾಗ ಯಾವ ಕಾಲು ಮೊದಲು, ಸರಪಳಿಗೆ ಯಾವ ಎಣ್ಣೆ, ಇಳಿಜಾರಿನಲ್ಲಿ ಯಾವ ಬ್ರೇಕು — ಸೈಕಲನ್ನು ಮುಟ್ಟಿಯೂ ನೋಡದೆ ಎಲ್ಲವನ್ನೂ ನೀನು ಬಾಯಿಪಾಠ ಮಾಡಿದ್ದೆ. ನಿನ್ನ ಮುಂದೆ ಕುಳಿತು ಇಂಗ್ಲಿಷ್ ಓದುವ ಗತ್ತು ನನಗೂ ಹಿತವಾಗಿತ್ತು.

ಆಮೇಲೆ ಕಾಪುವಿನ ಶಾಲೆಯಿಂದ ನಿನಗೆ ಕರೆ ಬಂತು. ಟೀಚರ್ ಟ್ರೈನಿಂಗ್ ಮುಗಿಸಿ ಎರಡು ವರ್ಷ ಕಾದ ಕೆಲಸ. ತೊಡಕು ಒಂದೇ: ಬೆಳಗಿನ ಬಸ್ಸು ಶಾಲೆಯ ಗಂಟೆ ಹೊಡೆದ ಮೇಲೆ ಕಾಪು ಮುಟ್ಟುತ್ತಿತ್ತು. ಲೇಡೀಸ್ ಸೈಕಲ್ ಒಂದನ್ನು ಕಳಿಸಿಕೊಡುತ್ತೇನೆ, ಭಾವ ಹೂಂ ಎಂದರೆ ಸಾಕು ಎಂದು ಮಾಮ ಬರೆದರು. ಪಪ್ಪ ಹೂಂ ಎನ್ನಲಿಲ್ಲ. ಬಸುರಿಯಾಗಿದ್ದಾಗ ಅಮ್ಮ ದೂರ ನಡೆದದ್ದೇ ಸಾವಿಗೆ ಕಾರಣ ಎಂದು ಯಾರೋ ಅವರ ತಲೆಯಲ್ಲಿ ಹಾಕಿದ್ದರು. ಹೆಣ್ಣುಮಕ್ಕಳ ಮೈಗೆ ಆಯಾಸವಾಗುವ ಯಾವುದನ್ನು ಕಂಡರೂ ಅವರ ಮುಖ ಬಿಳುಚುತ್ತಿತ್ತು.

ದಾರಿ ಹುಡುಕಿದವಳು ನೀನೇ. ಹೊಸದಾಗಿ ಬಂದ ಕಟ್ಟಿನಲ್ಲಿ ಕುತ್ತಿಗೆಗೆ ಸ್ಟೆತೊಸ್ಕೋಪು ಹಾಕಿಕೊಂಡ ಡಾಕ್ಟರಮ್ಮನ ಚಿತ್ರ ಕಂಡು, ಆ ಸಂಚಿಕೆಯನ್ನು ಪಪ್ಪನ ಮುಂದೆ ತಂದಿಟ್ಟೆ. "ಪಪ್ಪ, ಇದು ಡಾಕ್ಟರರು ಬರೆದದ್ದು. ಹೆಂಗಸರ ವಿಷಯವೇ ಉಂಟು ಕಾಣ್ತದೆ. ಐರಿನ್ ಓದಲಿ, ಅವಳು ಹೇಳಿದ ಹಾಗೆ ಮಾಡುವ" ಎಂದು ಹೇಳಿ ನನ್ನ ಕೈಗೆ ಕೊಟ್ಟೆ. ನಿನ್ನ ಕೈಯಲ್ಲಿ ಬಾಳೆನಾರಿನ ಒದ್ದೆ ಇತ್ತು, ಪುಟದ ಅಂಚು ನೆನೆಯಿತು.

ನಾನು ಮನಸ್ಸಿನಲ್ಲೇ ಒಮ್ಮೆ ಓದಿಕೊಂಡೆ. ಪುಟದ ಕೊನೆಯಲ್ಲಿ ಒಬ್ಬ ಓದುಗಿಯ ಪತ್ರವಿತ್ತು. ಸೈಕಲ್ ತುಳಿಯುವ ಹೆಂಗಸರಿಗೆ ಹೆರಿಗೆಯಲ್ಲಿ ಅಪಾಯ ಎಂದು ಮನೆಯವರು ಹೇಳುತ್ತಾರೆ, ನನ್ನ ಸೈಕಲನ್ನು ಮಾರಿಬಿಡಬೇಕೇ ಎಂದು ಆಕೆ ಕೇಳಿದ್ದಳು. ಪುಟ ತಿರುವಿದರೆ ಡಾಕ್ಟರಮ್ಮನ ಉತ್ತರ. ತಿರುವಿ ಅದನ್ನೂ ಓದಿದೆ, ಮತ್ತೆ ಹಿಂದಕ್ಕೆ ತಿರುವಿದೆ. ಆಮೇಲೆ ಪಪ್ಪನಿಗೆ ಗಟ್ಟಿಯಾಗಿ ಹೇಳಿದೆ: "ಸೈಕಲ್ ತುಳಿಯುವ ಹೆಂಗಸರಿಗೆ ಹೆರಿಗೆಯಲ್ಲಿ ಅಪಾಯ ಅಂತ ಉಂಟು ಪಪ್ಪ."

"ಮತ್ತೆ? ಮುಂದೆ ಎಂತ ಬರೆದಿದ್ದಾರೆ?"

"ಅಷ್ಟೇ."

ಯಾಕೆ ಹೇಳಿದೆ? ದೊಡ್ಡ ಕಾರಣ ಯಾವುದೂ ಇಲ್ಲ. ನೀನು ಬೆಳಗ್ಗೆ ಬೇಗ ಕಾಪುವಿಗೆ ಹೊರಟರೆ ಆ ಮಲ್ಲಿಗೆಯೆಲ್ಲ ನನ್ನ ತಲೆಗೆ ಬೀಳುತ್ತಿತ್ತು. ಶಾಲೆಗೆ ತಡವಾಗುತ್ತಿತ್ತು, ಬಹುಶಃ ಶಾಲೆಯೇ ತಪ್ಪುತ್ತಿತ್ತು. ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು — ಸೈಕಲ್ ಬರುತ್ತಿದ್ದದ್ದು ನಿನಗೆ, ನನಗಲ್ಲವಲ್ಲ. ಹದಿಮೂರು ವರ್ಷದ ಹುಡುಗಿ, ಏನು ತಿಳಿಯುತ್ತದೆ ಎಂದು ನೀನು ಹೇಳಬಹುದು. ಹೇಳಬೇಡ. ಪಪ್ಪನ ಹೆದರಿಕೆ ಎಲ್ಲಿದೆ ಎಂದು ನನಗೆ ಚೆನ್ನಾಗಿ ತಿಳಿದಿತ್ತು. ಬೆರಳಿಟ್ಟದ್ದು ಅಲ್ಲಿಗೇ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನಿನಗೆ. ಆ ಕೆಲಸ ಕಾಪುವಿನವಳೇ ಒಬ್ಬಳಿಗೆ ಹೋಯಿತು. ಇಂಥದ್ದನ್ನು ಮನೆಯಲ್ಲಿ ಇಡುವುದೇ ಬೇಡ ಎಂದು ಪಪ್ಪ ಪತ್ರಿಕೆಗಳನ್ನೆಲ್ಲ ಕಟಪಾಡಿಯ ಅಂಗಡಿಗೆ ಪೊಟ್ಟಣ ಕಟ್ಟಲು ಕೊಟ್ಟರು. ಆ ಒಂದು ಸಂಚಿಕೆಯನ್ನು ನಾನು ನನ್ನ ಪೆಟ್ಟಿಗೆಯ ಬಟ್ಟೆಯ ಅಡಿಗೆ ಸೇರಿಸಿದೆ. ಸಿಕ್ಕಿಬೀಳುವ ಹೆದರಿಕೆಯಿಂದ ಬಚ್ಚಿಟ್ಟದ್ದು, ಪಶ್ಚಾತ್ತಾಪದಿಂದಲ್ಲ. ನೀನು ಅತ್ತದ್ದನ್ನು ನಾನು ನೋಡಲಿಲ್ಲ. ಮರುದಿನ ಹೂವು ಎಂದಿನ ಹೊತ್ತಿಗೇ ಸಿದ್ಧವಾಗಿತ್ತು.

ಇಷ್ಟೇ ಆಗಿದ್ದರೆ ಚಿಕ್ಕಂದಿನ ತಪ್ಪು ಎಂದು ಹೇಗೋ ಬದುಕುತ್ತಿದ್ದೆನೋ ಏನೋ. ಇನ್ನೊಂದು ಉಂಟು.

ಐದು ವರ್ಷ ಕಳೆದು ನನಗೆ ಮಣಿಪಾಲದ ಒಂದು ಕಚೇರಿಯಲ್ಲಿ ಟೈಪಿಂಗ್ ಕೆಲಸ ಸಿಕ್ಕಿತು. ವಾಸ ಉಡುಪಿಯ ಚಿಕ್ಕಮ್ಮನ ಮನೆಯಲ್ಲಿ. ಸೈಕಲ್ ಇದ್ದರೆ ಬಸ್ಸಿನ ಹಂಗಿಲ್ಲ. ಒಂದು ಸಂಜೆ ಪೆಟ್ಟಿಗೆಯ ಅಡಿಯಿಂದ ಅದೇ ಸಂಚಿಕೆಯನ್ನು ತೆಗೆದು, ಹಳೆಯದೆಂದು ಗುರುತು ಸಿಗದ ಹಾಗೆ ರಟ್ಟು ಕಿತ್ತು ಹಾಕಿ, ಪಪ್ಪನ ಹತ್ತಿರ ಹೋಗಿ ಕುಳಿತೆ. ಈ ಸಲ ಪುಟ ತಿರುವಿದೆ. ಉತ್ತರವನ್ನು ಒಂದಕ್ಷರ ಬಿಡದೆ ಓದಿ ಹೇಳಿದೆ.

ಪಪ್ಪ "ಆವತ್ತು ಇದು ಇರಲಿಲ್ಲ ಅಲ್ವಾ?" ಎಂದರು.

"ಇದು ಹೊಸ ಸಂಚಿಕೆ ಪಪ್ಪ."

ನೀನು ಬಾಗಿಲ ಬಳಿ ಹೂವು ಕಟ್ಟುತ್ತಾ ಕುಳಿತಿದ್ದೆ. ಕಾರ್ಕಳದ ಸಂಬಂಧ ಆಗಲೇ ನಿಶ್ಚಯವಾಗಿತ್ತು. ತಲೆ ಎತ್ತಿ ನಕ್ಕೆ: "ಒಳ್ಳೆಯದಾಯ್ತು. ನನ್ನ ಕಾಲಕ್ಕೆ ಅವರಿಗೂ ಗೊತ್ತಿರಲಿಲ್ಲ, ಪಾಪ." ಪಾಪ ಎಂದದ್ದು ಪತ್ರಿಕೆಯವರನ್ನು, ಅಕ್ಕ.

ಮಾಮನ ಸೈಕಲ್ ಬಂದಾಗ ಇಗರ್ಜಿಯ ಮೈದಾನದಲ್ಲಿ ನನಗೆ ಕಲಿಸಿದವಳೂ ನೀನೇ. ನೀನು ಒಮ್ಮೆಯೂ ಹತ್ತಿದವಳಲ್ಲ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸೀಟು ಹಿಡಿದು ಹಿಂದಿನಿಂದ ಓಡಿಬಂದೆ. "ಚಕ್ರ ನೋಡಬೇಡ ಮಾರಾಯ್ತಿ, ದೂರ ನೋಡು, ದೂರ!" ನಾನು ಎಂದೋ ಓದಿ ಮರೆತ ಸಾಲುಗಳನ್ನು ನೀನು ನನಗೆ ತಿರುಗಿ ಕೊಡುತ್ತಿದ್ದೆ. ಎರಡನೆಯ ದಿನಕ್ಕೆ ನಾನು ಬೀಳದೆ ಹೋದೆ. ತಿರುಗಿ ನೋಡಿದರೆ ನೀನು ಮೈದಾನದ ನಡುವೆ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಆವತ್ತು ಇಳಿದು ಹೇಳಬೇಕಿತ್ತು. ಇನ್ನೊಂದು ಸುತ್ತು ಹೊಡೆದೆ.

ಈಗಲೂ ದಿನಾ ಬೆಳಗ್ಗೆ ಮಣಿಪಾಲದ ಏರಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತೇನೆ, ಸಂಜೆ ಬ್ರೇಕು ಹಿಡಿದು ಇಳಿಯುತ್ತೇನೆ. ಪಪ್ಪ ಏನೂ ತಿಳಿಯದೆ ಹೋದರು. ಅವರಿಗೆ ಇನ್ನು ಹೇಳಲಾಗದು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ಆದರೆ ನಾನು ತಿಂದ ಉಪ್ಪಿಗೆ ಬಾಯಾರಿದವಳು ನೀನು. ಈಗ ನಿನ್ನ ಮಗಳ ಸರದಿ ಬಂದಿದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ. ಬರುವ ಆದಿತ್ಯವಾರ ಆ ಸಂಚಿಕೆಯೊಂದಿಗೆ ಬರುತ್ತೇನೆ. ನಿನ್ನ ಅತ್ತೆಯ ಎದುರಿಗೇ ಪತ್ರವನ್ನೂ ಓದುತ್ತೇನೆ, ಉತ್ತರವನ್ನೂ ಓದುತ್ತೇನೆ. ಅಂಚಿನಲ್ಲಿ ನಿನ್ನ ಒದ್ದೆ ಬೆರಳಿನ ಕಲೆ ಇನ್ನೂ ಇದೆ. ಎರಡೂ ಒಂದೇ ಸಂಚಿಕೆ ಎಂದು ನಿನಗೇ ಗೊತ್ತಾಗುತ್ತದೆ. ನೀನು ಬಾಗಿಲು ತೆರೆಯದಿದ್ದರೆ ಅಂಗಳದಲ್ಲೇ ನಿಂತು ಓದುತ್ತೇನೆ. ಆ ಪತ್ರಿಕೆಯನ್ನು ನಂಬಬಹುದು. ಓದಿ ಹೇಳುವವಳನ್ನು ನಂಬಬಾರದಿತ್ತು.

ಆಚೆ ಪುಟದಲ್ಲಿದ್ದದ್ದು ಇಷ್ಟು. ಆರೋಗ್ಯವಾಗಿರುವ ಹೆಣ್ಣಿಗೆ ಸೈಕಲ್ಲಿನಿಂದ ಯಾವ ಕೇಡೂ ಇಲ್ಲ. ಹೆರಿಗೆಗೂ ಅದಕ್ಕೂ ಸಂಬಂಧವಿಲ್ಲ. ಸೀಟನ್ನು ನಿಮ್ಮ ಎತ್ತರಕ್ಕೆ ಹೊಂದಿಸಿಕೊಳ್ಳಿ, ಇಳಿಜಾರಿನಲ್ಲಿ ಅವಸರ ಮಾಡಬೇಡಿ, ಹೆದರಿಸುವವರಿಗೆ ಈ ಪುಟವನ್ನು ಓದಿ ಹೇಳಿ. ನಿಮ್ಮ ಸೈಕಲನ್ನು ಖಂಡಿತ ಮಾರಬೇಡಿ.

ಮಾರುವುದಕ್ಕೆ ನಿನ್ನ ಹತ್ತಿರ ಸೈಕಲೇ ಇರಲಿಲ್ಲ, ಅಕ್ಕ.