ಹಿಂದಿನ ಸೀಟಿನ ಮನಶ್ಶಾಸ್ತ್ರ

ಬೀರೂರು ಸ್ಟೇಷನ್ನಿನಲ್ಲಿ ಇಳಿಯುವ ಸಂಶೋಧಕರನ್ನು ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಿಗೆ ಸುತ್ತಿಸುವುದು ಓಂಕಾರೇಶನ ಕೆಲಸ. ಮನಸ್ಸಿನ ವಿಚಾರದಲ್ಲಿ ಹೆಸರಾದ ಎಷ್ಟೋ ಜನ ಅವನ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮಾತಾಡಿದ್ದಾರೆ. ಪಿಯುಸಿಗೆ ಎರಡು ಸಲ ಕೂತು ಫೇಲಾಗಿದ್ದ ಓಂಕಾರೇಶ ಕಿವಿಯನ್ನು ಹಿಂದಕ್ಕಿಟ್ಟು ಕಲಿತ. ಕಲಿತದ್ದೆಲ್ಲ ಅವನಿಗೇ ಅಂಟಿತು. ನಿದ್ದೆಯ ತಜ್ಞರು ಬಂದುಹೋದ ವಾರ ನಿದ್ದೆ ಹಾರಿಹೋಯಿತು. ಮರೆವಿನ ತಜ್ಞರನ್ನು ಲಿಂಗದಹಳ್ಳಿಗೆ ಕರೆದೊಯ್ದ ದಿನ ಕೀಲಿಯನ್ನು ಕಾರಿನೊಳಗೇ ಬಿಟ್ಟು ಬಾಗಿಲು ಹಾಕಿದ.

ಒಂದು ಕಾಯಿಲೆ ಮಾತ್ರ ಸ್ವಂತದ್ದು. ಹಿಂದೊಮ್ಮೆ ಹಳಿಯ ಮೇಲೆ ಗಾಡಿ ಆಫ್ ಆಗಿತ್ತು. ರೈಲು ಬರಲಿಲ್ಲ, ಏನೂ ಆಗಲಿಲ್ಲ. ಆದರೂ ಅಂದಿನಿಂದ ರೈಲ್ವೆ ಗೇಟು ಕಂಡರೆ ಕೈ ತಣ್ಣಗಾಗುತ್ತದೆ. ಇದು ಟ್ರಾವೆಲ್ಸಿನ ಮಾಲೀಕ ಕಾಂತರಾಜಣ್ಣನಿಗೆ ತಿಳಿದರೆ ಅವತ್ತೇ ಕೀಲಿ ಕಿತ್ತುಕೊಳ್ಳುತ್ತಾನೆ. ಅದಕ್ಕೇ ಗೇಟು ಬಂದಾಗಲೆಲ್ಲ ಹಾಡಿನ ಸೌಂಡು ಜಾಸ್ತಿ ಮಾಡುವುದು ಓಂಕಾರೇಶ ಕಂಡುಹಿಡಿದ ಚಿಕಿತ್ಸೆ.

ಈ ಸಲ ಬಂದವರು ಭಯದ ಮೇಲೆಯೇ ಸಂಶೋಧನೆ ಮಾಡಿದ ಡಾಕ್ಟರ್ ಕೃತಿಕಾ. ಶಿವನಿ ಹಳ್ಳಿಯಲ್ಲಿ ವಿಶಾಲಾಕ್ಷಮ್ಮ ಎಂಬ ಅಜ್ಜಿಯ ಜಗಲಿಯ ಮೇಲೆ ಕೂತು, “ಅಮ್ಮ, ಇತ್ತೀಚೆಗೆ ಆತಂಕ ಏನಾದರೂ ಇದೆಯಾ?” ಎಂದರು.

“ಅದನ್ನ ನಮ್ ಕಡೆ ಬೆಳಿಯಲ್ಲ ಕಣವ್ವ.”

ಓಂಕಾರೇಶ ಬಾಯಿ ಹಾಕಿದ. “ದಿಗಿಲು ಕಣಜ್ಜಿ, ದಿಗಿಲು.”

“ದಿಗಿಲಾ? ಅದಿಲ್ದೆ ಹೆಂಗೋ ಇರಾದು? ಫೋನ್ ಹೊಡ್ಕಂಡ್ರೂ ದಿಗಿಲು, ಹೊಡ್ಕಳ್ದಿದ್ರೂ ದಿಗಿಲು!”

ಡಾಕ್ಟರ್ ಓಂಕಾರೇಶನ ಕಡೆ ತಿರುಗಿದರು. “ದಿಗಿಲು ಬಂದರೆ ಮೈಗೆ ಏನಾಗುತ್ತೆ ಅಂತ ಅಜ್ಜಿಯನ್ನ ಕೇಳಿ.”

ಅವನಿಗೆ ತಾನೇ ಪಾಠ ಒಪ್ಪಿಸುವ ಹುಮ್ಮಸ್ಸು. “ಮೊದ್ಲು ಬೆರಳು ತಣ್ಣಗಾಯ್ತವೆ ಮೇಡಂ. ಆಮೇಲೆ ಎದೆ ಡವಡವ. ಬರ್ದೇ ಇರೋ ರೈಲಿನ ಹಾರನ್ನು ಕಿವೀಲಿ. ಕಾಲು ಕ್ಲಚ್ಚಿಂದ...” ನಾಲಿಗೆ ಕಚ್ಚಿಕೊಂಡ.

“ನಂಗೆಲ್ಲೈತೋ ಕ್ಲಚ್ಚು?” ಎಂದಳು ವಿಶಾಲಾಕ್ಷಮ್ಮ.

ಹೊರಡುವಾಗ ಡಾಕ್ಟರ್ ಹಿಂದಿನ ಸೀಟು ಬಿಟ್ಟು ಮುಂದೆ ಬಂದು ಕೂತರು. ಓಂಕಾರೇಶನ ಕಣ್ಣಿಗೆ ಕೀಲಿಗಾಗಿ ಚಾಚಿದ ಕಾಂತರಾಜಣ್ಣನ ಕೈ ಕಾಣತೊಡಗಿತು. ದಾರಿಯಲ್ಲಿ ಗೇಟು ಬಿದ್ದಿತ್ತು. ಅವನ ಬೆರಳು ಹಾಡಿನ ಗುಂಡಿಗೆ ಹೋಯಿತು.

“ಬೆಳಗ್ಗೆಯೂ ಇಲ್ಲೇ ಜೋರು ಮಾಡಿದ್ರಿ,” ಎಂದರು ಡಾಕ್ಟರ್.

“ನಂದೇ ಮೇಡಂ ಆ ದಿಗಿಲು. ಕಾಂತರಾಜಣ್ಣಂಗೆ ಹೇಳ್ಬೇಡಿ, ಕೆಲ್ಸ ಹೋಯ್ತದೆ.”

“ಹೇಳಲ್ಲ. ಗಾಡಿ ಪಕ್ಕಕ್ಕೆ ಹಾಕಿ ಇಳೀರಿ.”

ಇಬ್ಬರೂ ಗೇಟಿನವರೆಗೆ ನಡೆದು ನಿಂತರು. ಗೂಡ್ಸು ನೆಲ ನಡುಗಿಸುತ್ತ ಹೋಯಿತು. ಓಡಿಹೋಗಲು ಕಾಲು ಎಳೆಯುತ್ತಿದ್ದರೂ ಓಂಕಾರೇಶ ಕಂಬ ಹಿಡಿದು ನಿಂತ. ಗೇಟು ಎದ್ದಿತು, ಕಾದಿದ್ದ ಟ್ರ್ಯಾಕ್ಟರು ದಾಟಿತು. ಡಾಕ್ಟರ್ ಮಾತ್ರ ಅಲುಗಲಿಲ್ಲ. “ಎದೆಯ ಡವಡವ ಇಳೀಲಿ, ಅವಸರ ಇಲ್ಲ.”

“ಬೀರೂರಲ್ಲಿ ನಿಮ್ ರೈಲು ತಪ್ಪೋಯ್ತದೆ ಮೇಡಂ!”

ಡಾಕ್ಟರ್ ಗಡಿಯಾರ ನೋಡಿಕೊಂಡು ಉಗುರು ಕಚ್ಚಿದರು. “ಅಯ್ಯೋ, ನಂಗೂ ದಿಗಿಲು ಕಣ್ರೀ ಈಗ.”

ಅದನ್ನು ಕೇಳಿ ಓಂಕಾರೇಶನಿಗೆ ನಗು ಬಂತು. “ಹತ್ತಿ ಮೇಡಂ,” ಎಂದ. ಹಾಡು ಹಾಕದೆ, ಮೊದಲ ಗೇರಿನಲ್ಲೇ ಹಳಿ ದಾಟಿಸಿದ. ಆಚೆ ಬಂದ ಮೇಲೂ ಅವನ ಕೈ ತಣ್ಣಗೇ ಇತ್ತು. ಡಾಕ್ಟರ ಕೈ ಹೇಗಿದೆಯೆಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ.